ಗಂಗಾವತಿ ಬಸ್ ನಿಲ್ದಾಣದಲ್ಲಿ ಸಿಕ್ಕ ಹಿರಿಯರಿಗೆ

ನಿಮ್ಮ ಹೆಸರು ಕೇಳುವಷ್ಟರಲ್ಲಿ ಕೊಪ್ಪಳದ ಬಸ್ ಬಂದುಬಿಟ್ಟಿತ್ತು. ಇಸ್ತಾಂಬುಲ್‌ಗೆ ಹೊರಟಿದ್ದೇನೆ ಅಂದಾಗ ಮಿರ್ಚಿ ಕಟ್ಟಿದ ಕಾಗದದ ಮೇಲೇ ನಿಮಗಿಷ್ಟವಾದ ಜಾಗಗಳನ್ನೆಲ್ಲ ಬರೆದುಕೊಟ್ಟಿರಿ. ‘ಎಮಿನೊನು ದಡದಿಂದ ಕಾಡಿಕಾಯ್ ದೋಣಿ ತಪ್ಪಿಸಬೇಡಿ’ ಅಂದಿರಿ. ತಪ್ಪಿಸಲಿಲ್ಲ. ಸುಮಾರು 20 ನಿಮಿಷ, ಯುರೋಪ್ ಬಿಟ್ಟು ಏಷ್ಯಾ! ಕೈಯಲ್ಲಿ ಎಳ್ಳು ಮೆತ್ತಿದ, ಬಳೆಯಂಥ ಸಿಮಿತ್ ಬ್ರೆಡ್ಡು. ಪುಟ್ಟ ಗಾಜಿನ ಲೋಟದಲ್ಲಿ ಹಾಲಿಲ್ಲದ ಬಿಸಿ ಚಹಾ. ದೋಣಿಯ ಹಿಂದೆಯೇ ಹಾರಿ ಬರುವ ಕಡಲ ಹಕ್ಕಿಗಳು. ಆನೆಗುಂದಿಯ ತೆಪ್ಪ ನೆನಪಾಗಿ ಕಣ್ಣು ತುಂಬಿತು. ಒಟ್ಟೋಮನ್ ಕಾಲದ ವಾಸ್ತುಶಿಲ್ಪಿ ಸಿನಾನ್ ಕಟ್ಟಿದ ಸುಲೇಮಾನಿಯೆ ಮಸೀದಿಯನ್ನೂ ನೋಡಿದೆ, ಬಹಳ ಚೆಂದ. ಆದರೂ ದೋಣಿಯೇ ಜಾಸ್ತಿ ಹಿಡಿಸಿತು.

ಪರಿಚಯವಿಲ್ಲದವರಿಗೆ ಅಷ್ಟು ಹೊತ್ತು ಯಾರು ಕೊಡುತ್ತಾರೆ, ಅಲ್ವಾ? ಆ ಎಣ್ಣೆ ಕಾಗದ ಇನ್ನೂ ನನ್ನ ಪಾಸ್‌ಪೋರ್ಟ್ ಜೊತೆಗಿದೆ. ತುಂಬಾ ಧನ್ಯವಾದ. ಮತ್ತೆ ಸಿಕ್ಕರೆ ಒಗ್ಗರಣೆ-ಮಿರ್ಚಿ ನಾನೇ ಕೊಡಿಸುತ್ತೇನೆ.