ಕೀಲಿಕೈ ಕೈಗೆ ಬರುವ ಮೊದಲು

ಚಿ. ಸುಹಾಸನಿಗೆ ಸೋದರಮಾವನ ಆಶೀರ್ವಾದಗಳು.

ಮ್ಯೂನಿಕ್‌ನಲ್ಲಿ ಕಾರು ಬಾಡಿಗೆಗೆ ಹಿಡಿದು, ಆಸ್ಟ್ರಿಯಾ ದಾಟಿ, ವೆರೋನಾ, ಫ್ಲಾರೆನ್ಸ್‌ವರೆಗೆ ನೀನೂ ಮೇಘನಾಳೂ ಓಡಿಸಿಕೊಂಡು ಹೋಗುವ ಯೋಚನೆ ಚೆನ್ನಾಗಿದೆ. ಅಲ್ಲಿನ ರಸ್ತೆಗೆ ಹೆದರಬೇಡ. ದುಡ್ಡು ಸೋರುವ ಜಾಗ ಬಾಡಿಗೆ ಕೌಂಟರು. ಹಾಗಾಗಿ ಕಾಗದಪತ್ರದಿಂದಲೇ ಶುರುಮಾಡುತ್ತೇನೆ.

ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಅನ್ನು ಹೊರಡುವ ಮೊದಲೇ ಮಾಡಿಸಿಕೊ. ಲೈಸೆನ್ಸ್ ಕೊಟ್ಟ ದೇಶದಲ್ಲಷ್ಟೇ ಅದು ಸಿಗುತ್ತದೆ, ಅಲ್ಲಿ ಇಳಿದ ಮೇಲೆ ಕೇಳಿದರೆ ಆಗದು. ಪರ್ಮಿಟ್ ಒಂದೇ ತೋರಿಸಿದರೂ ನಡೆಯುವುದಿಲ್ಲ. ಮೂಲ ಲೈಸೆನ್ಸ್ ಜೊತೆಗಿರಬೇಕು. ಬುಕಿಂಗ್ ಯಾರ ಹೆಸರಿನಲ್ಲಿದೆಯೋ ಅವರ ಹೆಸರಿನದೇ ಕ್ರೆಡಿಟ್ ಕಾರ್ಡ್ ಬೇಕು. ಡೆಬಿಟ್ ಕಾರ್ಡನ್ನು ಅನೇಕ ಕಡೆ ಮುಟ್ಟುವುದೇ ಇಲ್ಲ. ಠೇವಣಿಯೆಂದು ಕಾರ್ಡಿನ ಮಿತಿಯಲ್ಲಿ ಅವರು ತಡೆಹಿಡಿಯುವ ಮೊತ್ತ ಸಾವಿರ ಯೂರೋ ದಾಟುವುದುಂಟು. ಕಾರು ಒಪ್ಪಿಸಿದ ಮೇಲೂ ಅದು ಬಿಡುಗಡೆಯಾಗಲು ಕೆಲವು ದಿನ ಹಿಡಿಯುತ್ತದೆ. ಹೋಟೆಲ್ ಖರ್ಚಿಗೆ ಇನ್ನೊಂದು ಕಾರ್ಡ್ ಇಟ್ಟುಕೊ.

ಬುಕ್ ಮಾಡುವಾಗ ಆಟೋಮ್ಯಾಟಿಕ್ ಎಂದು ಆರಿಸಲು ಮರೆಯಬೇಡ. ಯೂರೋಪಿನಲ್ಲಿ ಕಡಿಮೆ ಬಾಡಿಗೆಯ ಕಾರುಗಳೆಲ್ಲ ಸಾಮಾನ್ಯವಾಗಿ ಗೇರಿನವು. ಬಲಗೈಯಲ್ಲಿ ಗೇರ್ ಹಾಕುವುದನ್ನೂ ರಸ್ತೆಯ ಬಲಬದಿಗೆ ಓಡಿಸುವುದನ್ನೂ ಒಂದೇ ದಿನ ಕಲಿಯುವುದು ಬೇಡ. ಆಸ್ಟ್ರಿಯಾ, ಇಟಲಿ ಎರಡಕ್ಕೂ ಗಡಿ ದಾಟುವ ಅನುಮತಿ ಒಪ್ಪಂದದಲ್ಲಿ ಬರೆದಿರಬೇಕು, ಇಲ್ಲದಿದ್ದರೆ ಅಪಘಾತವಾದಾಗ ವಿಮೆ ಕೈಕೊಡುತ್ತದೆ. ಮೇಘನಾ ಸ್ಟಿಯರಿಂಗ್ ಹಿಡಿಯುವುದಾದರೆ ಅವಳ ಹೆಸರೂ ಸೇರಿರಬೇಕು. ವಿಮಾನ ಇಳಿದ ರಾತ್ರಿಯೇ ಕಾರು ತೆಗೆದುಕೊಳ್ಳಬೇಡ. ಮಲಗಿ ಎದ್ದು ಬೆಳಿಗ್ಗೆ ಹೋಗು. ಭಾನುವಾರ ಊರೊಳಗಿನ ಶಾಖೆಗಳು ಮುಚ್ಚಿರಬಹುದು, ಮೊದಲೇ ನೋಡಿಕೊ.

ಇನ್ನು ವಿಮೆ. ಬಾಡಿಗೆಯಲ್ಲೇ ಸೇರಿರುವ ಸಿಡಿಡಬ್ಲ್ಯೂ, ಅಂದರೆ ಕಾರಿಗೆ ಪೆಟ್ಟಾದರೆ ನಿನ್ನ ಹೊಣೆಗೆ ಮಿತಿ ಹಾಕುವ ಕರಾರು, ಎಲ್ಲ ನಷ್ಟವನ್ನೂ ಕಟ್ಟಿಕೊಡುವುದಿಲ್ಲ. ಎಕ್ಸೆಸ್ ಎಂದು ಬರೆದ ಮೊತ್ತದವರೆಗೆ ನಿನ್ನ ಜೇಬಿನಿಂದ ಹೋಗುತ್ತದೆ, ಅದರಾಚೆಯದು ಮಾತ್ರ ಅವರದು. ಅದರಲ್ಲೂ ಟೈರು, ಚಕ್ರದ ರಿಮ್, ಗಾಜು, ಕಾರಿನ ಅಡಿಭಾಗ, ಚಾವಣಿ ಇವನ್ನು ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆ. ಹೊಸಬರು ಪೆಟ್ಟು ಮಾಡುವುದು ಬಹುಪಾಲು ಅಲ್ಲಿಗೇ. ಎಕ್ಸೆಸ್ ಸೊನ್ನೆ ಮಾಡುವ ದುಬಾರಿ ಪ್ಯಾಕೇಜನ್ನು ಕೌಂಟರಿನಲ್ಲಿ ಒತ್ತಾಯದಿಂದ ಮಾರುತ್ತಾರೆ. ಹೊರಗಿನ ವಿಮೆ ಕಂಪನಿಯಿಂದ ಮುಂಚೆಯೇ ಕೊಂಡರೆ ಅಗ್ಗ. ಆದರೆ ಆಗ ಬಾಡಿಗೆ ಕಂಪನಿಗೆ ಮೊದಲು ನೀನೇ ಹಣ ಕಟ್ಟಿ, ಆಮೇಲೆ ಪೊಲೀಸ್ ವರದಿ, ರಿಪೇರಿ ಬಿಲ್ಲು, ಒಪ್ಪಂದದ ಪ್ರತಿ ಇಟ್ಟು ವಿಮೆಯವರಿಂದ ವಾಪಸು ಪಡೆಯಬೇಕು. ಆ ಓಡಾಟಕ್ಕೆ ತಾಳ್ಮೆ ಇದ್ದರೆ ಹೊರಗಿನದೇ ಸಾಕು. ಇಲ್ಲವಾದರೆ ಕೌಂಟರಿನದನ್ನೇ ತೆಗೆದುಕೊ, ಅದರಲ್ಲಿ ರಿಮ್ಮೂ ಗಾಜೂ ಸೇರಿದೆಯೇ ಎಂದು ಸಾಲು ತೋರಿಸಿ ಕೇಳು. ಕಾರ್ಡ್ ಯಂತ್ರ ಯಾವ ಕರೆನ್ಸಿ ಎಂದು ಕೇಳಿದರೆ ಯೂರೋ ಎನ್ನು. ನಿನ್ನ ಕರೆನ್ಸಿ ಆರಿಸಿದರೆ ವಿನಿಮಯ ದರದಲ್ಲಿ ಕತ್ತರಿ ಬೀಳುತ್ತದೆ.

ಕೀಲಿ ಸಿಕ್ಕಿದ ಕೂಡಲೇ ಹೊರಡಬೇಡ. ಕಾರಿನ ಸುತ್ತ ನಿಧಾನವಾಗಿ ಒಂದು ಸುತ್ತು ವಿಡಿಯೋ ತೆಗೆ. ಆಮೇಲೆ ಕುಕ್ಕರುಗಾಲಲ್ಲಿ ಕೂತು ನಾಲ್ಕೂ ರಿಮ್ಮಿನ ಅಂಚು ನೋಡು. ಕಾಲುದಾರಿಯ ಕಲ್ಲಿಗೆ ಉಜ್ಜಿದ ಗೀರು ಸುತ್ತಳತೆಯುದ್ದಕ್ಕೂ ಬಿಳಿಗೆರೆಯಾಗಿ ಕಾಣುತ್ತದೆ, ನಿಂತವರ ಕಣ್ಣಿಗೆ ಬೀಳುವುದಿಲ್ಲ. ಬಂಪರಿನ ಕೆಳತುಟಿಯನ್ನು ಬೆರಳಿನಿಂದ ಸವರು. ಗಾಜಿನಲ್ಲಿ ಕಲ್ಲು ಸಿಡಿದ ಚುಕ್ಕೆ ಇದೆಯೇ ಎಂದು ಓರೆಯಾಗಿ ನೋಡು. ಅವರ ಚಿತ್ರದ ಹಾಳೆಯಲ್ಲಿ ಗುರುತಿಲ್ಲದ ಪ್ರತಿಯೊಂದು ನೆಗ್ಗನ್ನೂ ಬರೆಸಿ ಸಹಿ ಹಾಕಿಸು. ಮೀಟರಿನ ಕಿಲೋಮೀಟರ್, ಇಂಧನದ ಮುಳ್ಳು ಎರಡರ ಫೋಟೋ ಇರಲಿ. ಸ್ಟೆಪ್ನಿ ಇದೆಯೇ, ಬರೀ ಪಂಕ್ಚರ್ ಕಿಟ್ಟೇ ಎಂದು ಡಿಕ್ಕಿ ತೆಗೆದು ನೋಡು. ಎಚ್ಚರಿಕೆಯ ತ್ರಿಕೋನವೂ ಹೊಳೆಯುವ ಜಾಕೆಟ್ಟೂ ಇರಲೇಬೇಕು.

ಎಡಕ್ಕೆ ಓಡಿಸಿ ರೂಢಿಯಾದವರ ಕಾರು ಅವರಿಗೇ ತಿಳಿಯದಂತೆ ಬಲಕ್ಕೆ ಸರಿಯುತ್ತದೆ. ಏಕೆಂದರೆ ಕಾರಿನ ಅಗಲವೆಲ್ಲ ಈಗ ನಿನ್ನ ಬಲಬದಿಗಿದೆ, ಕಣ್ಣಿನ ಅಂದಾಜು ಮಾತ್ರ ಹಳೆಯದು. ಬಲಗಡೆಯ ರಿಮ್ಮು ಕಲ್ಲಿಗೆ ಉಜ್ಜುವುದು ಹೀಗೆಯೇ. ನೀನು ಕೂತ ಬದಿ ಸದಾ ರಸ್ತೆಯ ನಡುಗೆರೆಯ ಕಡೆಗಿದ್ದರೆ ಸರಿದಾರಿಯಲ್ಲಿದ್ದೀಯೆಂದು ಅರ್ಥ. ವಾಹನ ದಟ್ಟವಾಗಿದ್ದರೆ ಮುಂದಿನವರನ್ನು ನೋಡಿ ಹೋಗಬಹುದು. ತಪ್ಪುವುದು ಬೆಳಗಿನ ಖಾಲಿ ರಸ್ತೆಯಲ್ಲಿ, ಪೆಟ್ರೋಲ್ ಬಂಕಿನಿಂದ ಹೊರಬೀಳುವಾಗ. ಆಗ ಪಕ್ಕದಲ್ಲಿ ಕೂತ ಮೇಘನಾ “ಬಲಕ್ಕೆ” ಎಂದು ಜೋರಾಗಿ ಹೇಳಲಿ. ಇಂಡಿಕೇಟರ್ ಹಾಕಲು ಹೋಗಿ ವೈಪರ್ ಆಡಿಸುವುದಂತೂ ಇದ್ದದ್ದೇ.

ಜರ್ಮನಿಯಲ್ಲಿ ಫಲಕವಿಲ್ಲದ ಸಣ್ಣ ಕೂಡುರಸ್ತೆಗಳಲ್ಲಿ ಬಲದಿಂದ ಬರುವವರಿಗೆ ಮೊದಲ ಹಕ್ಕು. ಆಟೋಬಾನ್ ಎಂಬ ಅಲ್ಲಿನ ಹೆದ್ದಾರಿಯಲ್ಲಿ ಬಲಗಡೆಯಿಂದ ಓವರ್‌ಟೇಕ್ ಮಾಡುವಂತಿಲ್ಲ. ಮುಂದೆ ಹೋದ ಮೇಲೆ ಮತ್ತೆ ಬಲದ ಲೇನಿಗೆ ಬಾ. ಟ್ರಾಫಿಕ್ ಜಾಮ್ ಆದರೆ ಎಡ ತುದಿಯ ಲೇನಿನವರು ಎಡಕ್ಕೂ ಉಳಿದವರೆಲ್ಲ ಬಲಕ್ಕೂ ಒತ್ತರಿಸಿ, ಆಂಬುಲೆನ್ಸ್‌ಗೆ ನಡುವೆ ದಾರಿ ಬಿಡಬೇಕು. ಆಸ್ಟ್ರಿಯಾದಲ್ಲೂ ಇದೇ ಕ್ರಮ. ಸೈರನ್ ಕೇಳುವವರೆಗೆ ಕಾಯುವಂತಿಲ್ಲ.

ಆಸ್ಟ್ರಿಯಾದ ಹೆದ್ದಾರಿ ಹತ್ತುವ ಮೊದಲು ವಿನ್ಯೆಟ್, ಅಂದರೆ ಹೆದ್ದಾರಿ ಬಳಸಲು ಮುಂಗಡ ಕಟ್ಟುವ ಟೋಲ್ ಚೀಟಿ, ಕೊಳ್ಳಬೇಕು, 10 ದಿನಗಳದೂ ಸಿಗುತ್ತದೆ. ಗಡಿಗೆ ಮುಂಚಿನ ಬಂಕುಗಳಲ್ಲಿ ಇಡುತ್ತಾರೆ. ಚೀಟಿಯಾದರೆ ಗಾಜಿಗೆ ಅಂಟಿಸಿದಾಗಲೇ ಲೆಕ್ಕ. ಬ್ರೆನ್ನರ್ ಕಣಿವೆಯ ಎ13 ಹೆದ್ದಾರಿಗೆ ಬೇರೆಯೇ ಟೋಲ್. ಇಟಲಿಯಲ್ಲಿ ಹತ್ತುವಾಗ ಚೀಟಿ ಎಳೆದುಕೊಂಡು, ಇಳಿಯುವಾಗ ಹಣ ಕಟ್ಟುವ ಪದ್ಧತಿ. ಬರೀ ಹಳದಿ ಟೆಲಿಪಾಸ್ ಫಲಕವಿರುವ ಲೇನಿಗೆ ನುಗ್ಗಬೇಡ, ಅದು ಯಂತ್ರ ಅಳವಡಿಸಿಕೊಂಡವರಿಗೆ.

ಇಟಲಿಯ ಹಳೆಯ ಪೇಟೆಗಳ ಝಡ್‌ಟಿಎಲ್ ವಲಯಕ್ಕೆ, ಅಂದರೆ ಅನುಮತಿ ಇಲ್ಲದ ವಾಹನ ಹೋಗಬಾರದ ಜಾಗಕ್ಕೆ, ಮಾತ್ರ ತುಂಬ ಎಚ್ಚರಿಕೆ ಬೇಕು. ಕೆಂಪು ಬಳೆಯ ಬಿಳಿ ವೃತ್ತದ ಫಲಕ, ಮೇಲೆ ಕ್ಯಾಮೆರಾ. ತಡೆಗೇಟು ಇರುವುದಿಲ್ಲ, ಯಾರೂ ನಿಲ್ಲಿಸುವುದಿಲ್ಲ. ದಂಡದ ಕಾಗದ ತಿಂಗಳುಗಳ ನಂತರ ಮನೆಗೆ ಬರುತ್ತದೆ. ಅದಕ್ಕೂ ಮೊದಲೇ, ನಿನ್ನ ವಿಳಾಸ ಪೊಲೀಸರಿಗೆ ಕೊಟ್ಟಿದ್ದಕ್ಕೆ ಬಾಡಿಗೆ ಕಂಪನಿ ತನ್ನ ಶುಲ್ಕವನ್ನು ಕಾರ್ಡಿನಿಂದ ಎಳೆದುಕೊಂಡಿರುತ್ತದೆ. ಮತ್ತೆ ಮತ್ತೆ ಒಳಹೊಕ್ಕರೆ ದಂಡವೂ ಹೆಚ್ಚಬಹುದು. ‘ವಾರ್ಕೊ ಆಟ್ಟಿವೊ’ ಎಂದು ದೀಪ ಉರಿಯುತ್ತಿದ್ದರೆ ಕ್ಯಾಮೆರಾ ಕೆಲಸದಲ್ಲಿದೆ. ಹೋಟೆಲ್ ವಲಯದೊಳಗಿದ್ದರೆ ಕಾರಿನ ನಂಬರನ್ನು ಅವರು ನೋಂದಾಯಿಸಬಲ್ಲರೇ ಎಂದು ಮೊದಲೇ ಬರೆದು ಕೇಳು. ಫ್ಲಾರೆನ್ಸ್‌ನಲ್ಲಿ ಊರಾಚೆ ಕಾರು ನಿಲ್ಲಿಸಿ ಟ್ರಾಮ್ ಹಿಡಿಯುವುದೇ ವಾಸಿ.

ಇಟಲಿಯ ಬಂಕಿನಲ್ಲಿ ಬೆನ್ಝೀನಾ ಎಂದರೆ ಪೆಟ್ರೋಲ್, ಗ್ಯಾಸೋಲಿಯೊ ಎಂದರೆ ಡೀಸೆಲ್. ಹೆಸರು ನಂಬದೆ ಗುರುತು ನೋಡು: ವೃತ್ತದೊಳಗೆ ಇ5 ಅಥವಾ ಇ10 ಇದ್ದರೆ ಪೆಟ್ರೋಲ್, ಚೌಕದೊಳಗೆ ಬಿ7 ಇದ್ದರೆ ಡೀಸೆಲ್. ಟ್ಯಾಂಕಿನ ಮುಚ್ಚಳದ ಒಳಗೂ ಅದೇ ಗುರುತಿರುತ್ತದೆ. ಪೆಟ್ರೋಲಿನ ನಳಿಕೆ ಸಣ್ಣದಾದ್ದರಿಂದ ಡೀಸೆಲ್ ಕಾರಿನ ಬಾಯಿಗೂ ಸಲೀಸಾಗಿ ಇಳಿದುಬಿಡುತ್ತದೆ. ಹಾಗೇನಾದರೂ ಆದರೆ ಕೀಲಿ ತಿರುಗಿಸಲೇಬೇಡ, ಕಂಪನಿಗೆ ಫೋನ್ ಮಾಡು. ಎಂಜಿನ್ ಓಡದಿದ್ದರೆ ಟ್ಯಾಂಕ್ ಖಾಲಿ ಮಾಡಿಸುವುದರಲ್ಲಿ ಮುಗಿಯುತ್ತದೆ, ಓಡಿದರೆ ಪಂಪಿನಿಂದ ಇಂಜೆಕ್ಟರ್‌ವರೆಗೆ ಕೆಡುತ್ತದೆ.

ಒಪ್ಪಿಸುವ ಹೊತ್ತು ಒಪ್ಪಂದದ ಗಂಟೆಗೆ ಸರಿಯಾಗಿರಲಿ. ದಿನದ ಲೆಕ್ಕ 24 ಗಂಟೆಯದು; ತಡವಾದರೆ ಇನ್ನೊಂದು ದಿನದ ಬಾಡಿಗೆ ಹಾಕುತ್ತಾರೆ. ಹತ್ತಿರದ ಬಂಕಿನಲ್ಲಿ ಟ್ಯಾಂಕ್ ತುಂಬಿಸಿದ ರಸೀದಿ ಇಟ್ಟುಕೊ. ಶಾಖೆ ಮುಚ್ಚಿದ ಮೇಲೆ ಡಬ್ಬಿಗೆ ಕೀಲಿ ಹಾಕಿ ಹೋಗಬೇಡ. ಬೆಳಿಗ್ಗೆ ಅವರು ಬಾಗಿಲು ತೆರೆಯುವವರೆಗೆ ಕಾರಿನ ಹೊಣೆ ನಿನ್ನದೇ ಎಂದು ಅನೇಕ ಒಪ್ಪಂದಗಳಲ್ಲಿರುತ್ತದೆ. ಸಿಬ್ಬಂದಿ ಎದುರೇ ಮತ್ತೊಮ್ಮೆ ವಿಡಿಯೋ ತೆಗೆದು, “ಹೊಸ ಹಾನಿ ಇಲ್ಲ” ಎಂದು ಬರೆಸಿ ಸಹಿ ಪಡೆ. ಠೇವಣಿ ವಾಪಸಾಗಿ ಒಂದಷ್ಟು ತಿಂಗಳು ಕಳೆಯುವವರೆಗೆ ಆ ಕಾಗದ, ಆ ವಿಡಿಯೋ ಅಳಿಸಬೇಡ.

ಇಂತಿ ನಿನ್ನ ಮಾವ