ಗ್ಯಾರೇಜಿನ ಕೂಲೆಂಟ್ ಬೀದಿಗೆ ಬೀಳದಿರಲಿ: ತುಮಕೂರು ಮಹಾನಗರ ಪಾಲಿಕೆ ಆಯುಕ್ತರಿಗೆ ಬಹಿರಂಗ ಪತ್ರ

ಮಾನ್ಯ ಆಯುಕ್ತರೇ,

ನಮಸ್ಕಾರ.

ಗ್ಯಾರೇಜಿನಲ್ಲಿ ರೇಡಿಯೇಟರ್ ಬಿಚ್ಚಿದಾಗ ಹಸಿರು ಅಥವಾ ಗುಲಾಬಿ ಬಣ್ಣದ ನೀರು ಸುರಿಯುತ್ತದಲ್ಲ, ಅದರ ಬಗ್ಗೆ ಈ ಪತ್ರ. ಅದೇ ಕೂಲೆಂಟ್. ಚಳಿ ದೇಶಗಳಲ್ಲಿ ಇದನ್ನೇ ಆಂಟಿಫ್ರೀಜ್ ಅನ್ನುತ್ತಾರೆ. ಶಿರಾ ಗೇಟ್, ಅಂತರಸನಹಳ್ಳಿ, ಬಟವಾಡಿ, ಗುಬ್ಬಿ ಗೇಟ್ ಕಡೆ ಓಡಾಡುವಾಗ ಅಂಗಡಿ ಮುಂದಿನ ಮಣ್ಣಿನಲ್ಲಿ, ಚರಂಡಿ ಅಂಚಿನಲ್ಲಿ ಆ ಬಣ್ಣದ ನೀರು ನಿಂತಿರುವುದು ಕಾಣುತ್ತದೆ. ಅದು ನಾಯಿ, ಬೆಕ್ಕು, ದನಗಳಿಗೆ ವಿಷ. ಪಾಲಿಕೆ ಮನಸ್ಸು ಮಾಡಿದರೆ ಇದನ್ನು ದೊಡ್ಡ ಖರ್ಚಿಲ್ಲದೆ ನಿಲ್ಲಿಸಬಹುದು. ಗ್ಯಾರೇಜುಗಳು ಜಾಸ್ತಿ ಇರುವ ಕಡೆ ಮುಚ್ಚಳ ಇರುವ ಡ್ರಮ್ ಇಡಿಸಿ, ಅದು ತುಂಬಿದಾಗ ಒಯ್ಯಲು ಗಾಡಿ ಕಳಿಸಿ. ನಾನು ಮುಖ್ಯವಾಗಿ ಕೇಳುವುದು ಇಷ್ಟೇ. ಯಾಕೆ ಕೇಳುತ್ತಿದ್ದೇನೆ ಎಂದು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ.

ಕೂಲೆಂಟ್ ಹಾಕಬೇಡಿ ಎಂದು ಯಾರಿಗೂ ಹೇಳುತ್ತಿಲ್ಲ. ನೀರು ಹೆಪ್ಪುಗಟ್ಟುವಷ್ಟು ಚಳಿ ತುಮಕೂರಿನಲ್ಲಿ ಎಲ್ಲಿದೆ, ಸುಮ್ನೆ ನೀರು ಹಾಕಿದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಸಾಲದು. ಅರ್ಧ ನೀರು, ಅರ್ಧ ಎಥಿಲೀನ್ ಗ್ಲೈಕಾಲ್ ಎಂಬ ರಾಸಾಯನಿಕ ಬೆರೆತ ಕೂಲೆಂಟ್ ಸುಮಾರು ಮೈನಸ್ 37 ಡಿಗ್ರಿವರೆಗೆ ಗಟ್ಟಿಯಾಗುವುದಿಲ್ಲ ಅನ್ನುವುದು ನಮಗೆ ಬೇಡದ ಗುಣ. ಆದರೆ ಅದು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ, 107ರ ಹತ್ತಿರ ಹೋಗಬೇಕು. ರೇಡಿಯೇಟರ್ ಕ್ಯಾಪಿನ ಒತ್ತಡ ಸೇರಿದರೆ ಇನ್ನೂ ಮೇಲೆ. ಏಪ್ರಿಲ್ ಬಿಸಿಲಲ್ಲಿ ಹೆದ್ದಾರಿ 48ರಲ್ಲಿ ಲೋಡು ಹೊತ್ತು ಬರುವ ಲಾರಿಗೆ ಇದು ಬೇಕೇ ಬೇಕು. ಅದರಲ್ಲಿರುವ ಮದ್ದುಗಳು ತುಕ್ಕು ಹಿಡಿಯದಂತೆಯೂ ತಡೆಯುತ್ತವೆ. ನಮ್ಮ ಬೋರ್‌ವೆಲ್‌ಗಳ ಗಡಸು ನೀರನ್ನೇ ಹಾಕುತ್ತಾ ಹೋದರೆ ರೇಡಿಯೇಟರ್ ಒಳಗೆ ಉಪ್ಪು ಕಟ್ಟಿ ಎಂಜಿನ್ ಹಾಳಾಗುತ್ತದೆ. ಎಲೆಕ್ಟ್ರಿಕ್ ಕಾರು ಬಂದರೆ ಈ ತೊಂದರೆ ತಾನಾಗಿ ಹೋಗುತ್ತದೆ ಅಂದುಕೊಳ್ಳುವಂತೆಯೂ ಇಲ್ಲ. ಅಂಥ ಎಷ್ಟೋ ಕಾರುಗಳಲ್ಲಿ ಬ್ಯಾಟರಿಯನ್ನು ತಂಪಾಗಿಡುವುದೂ ಗ್ಲೈಕಾಲೇ.

ಎಥಿಲೀನ್ ಗ್ಲೈಕಾಲ್‌ಗೆ ಬಣ್ಣವಿಲ್ಲ, ವಾಸನೆಯೂ ಇಲ್ಲವೆನ್ನುವಷ್ಟು ಕಡಿಮೆ. ಹಸಿರು, ಗುಲಾಬಿ ಎಲ್ಲ ಕಂಪನಿಯವರು ಬೆರೆಸುವ ಬಣ್ಣ. ಆದರೆ ರುಚಿ ಸಿಹಿ. ತೊಂದರೆಯೆಲ್ಲ ಅಲ್ಲೇ ಇದೆ. ಬೆಕ್ಕಿನ ತೂಕದ ಕಿಲೋ ಒಂದಕ್ಕೆ 1.4 ಮಿಲಿಲೀಟರಿನಷ್ಟು ಶುದ್ಧ ಗ್ಲೈಕಾಲ್ ಹೊಟ್ಟೆಗೆ ಹೋದರೆ ಅದು ಸಾಯಬಹುದು. ನಾಯಿಗೆ ಕಿಲೋಗೆ ಸುಮಾರು 4.4 ಮಿಲಿಲೀಟರ್. ಮೂರು ಕಿಲೋ ಬೆಕ್ಕಿಗೆ, ಅರ್ಧ ನೀರು ಬೆರೆತ ಕೂಲೆಂಟ್ ಎರಡು ಟೀ ಚಮಚ ಸಾಕು. ಹದಿನೈದು ಕಿಲೋ ಬೀದಿ ನಾಯಿಗೆ ಒಂದು ಸಣ್ಣ ಲೋಟದಷ್ಟು. ಒಂದು ಕಾರಿನಿಂದ ಐದಾರು ಲೀಟರ್ ಇಳಿಯುತ್ತದೆ, ದೊಡ್ಡ ಲಾರಿಯಿಂದ 20 ಲೀಟರಿಗೂ ಮೇಲೆ. ಬೆಕ್ಕು ಅದನ್ನು ಕುಡಿಯಲೇ ಬೇಕೆಂದೂ ಇಲ್ಲ. ತುಳಿದುಕೊಂಡು ಬಂದು ಕಾಲು ನೆಕ್ಕಿಕೊಂಡರೂ ಅಪಾಯವಿದೆ.

ಬೇಸಿಗೆಯಲ್ಲಿ ಇದು ಇನ್ನೂ ಕೆಟ್ಟದಾಗುತ್ತದೆ. ಫೆಬ್ರವರಿ ಕಳೆಯುತ್ತಿದ್ದಂತೆ ಊರಲ್ಲಿ ಪ್ರಾಣಿಗಳಿಗೆ ಕುಡಿಯಲು ನೀರು ಸಿಗುವುದೇ ಕಷ್ಟ. ಎಂಜಿನ್ ಕಾದು ಗಾಡಿಗಳು ಗ್ಯಾರೇಜಿಗೆ ಬರುವುದೂ ಆಗಲೇ ಜಾಸ್ತಿ. ಚರಂಡಿಯಲ್ಲಿ ಹರಿದು ಹೋದದ್ದು ನೀರಿನ ಜೊತೆ ಬೆರೆತು ತೆಳುವಾಗುತ್ತದೆ. ಹೊಂಡದಲ್ಲಿ ನಿಂತದ್ದು, ತೆರೆದ ಟಬ್ಬಿನಲ್ಲಿ ಬಿಟ್ಟದ್ದು ಹಾಗಲ್ಲ. ಬಿಸಿಲಿಗೆ ಅದರಲ್ಲಿನ ನೀರು ಆರುತ್ತದೆ. ಗ್ಲೈಕಾಲ್ ಕುದಿಯಲು 197 ಡಿಗ್ರಿ ಬೇಕು, ಅದು ಅಷ್ಟು ಬೇಗ ಆರುವುದಿಲ್ಲ. ಹಾಗಾಗಿ ಹೊಂಡದಲ್ಲಿ ಉಳಿದದ್ದು ಇನ್ನೂ ಗಟ್ಟಿ ವಿಷವಾಗುತ್ತಾ ಹೋಗುತ್ತದೆ.

ನಮ್ಮ ಬೀದಿಯಲ್ಲಿ ಕರಿಯ ಅಂತ ಒಂದು ನಾಯಿ ಇತ್ತು. ಯಾರದೂ ಅಲ್ಲ, ಎಲ್ಲರದೂ ಹೌದು. ಹೋದ ಬೇಸಿಗೆಯಲ್ಲಿ ಒಂದು ಸಂಜೆ ಅದು ತೂರಾಡುತ್ತಾ ಬಂತು, ಎರಡು ಸಲ ವಾಂತಿ ಮಾಡಿತು. ಹುಚ್ಚು ಹಿಡಿದಿದೆ ಎಂದು ಹುಡುಗರು ಕಲ್ಲು ಎತ್ತಿಕೊಂಡರು. ಯಾರೋ ಬೇಕೆಂದೇ ವಿಷ ಇಟ್ಟಿದ್ದಾರೆ ಎಂದು ಇನ್ನೊಂದು ಮನೆಯವರ ಮೇಲೆ ಗುಮಾನಿ ಬಂದು ಜಗಳವೂ ಆಯಿತು. ಮಾರನೇ ದಿನ ಕರಿಯ ಸ್ವಲ್ಪ ಚೇತರಿಸಿಕೊಂಡ ಹಾಗೆ ಕಂಡಿತು. ನಾವೆಲ್ಲ ಸಮಾಧಾನಪಟ್ಟೆವು. ಅದರ ಮಾರನೇ ದಿನ ಊಟ ಬಿಟ್ಟು ಮಲಗಿತು. ವೈದ್ಯರು ರಕ್ತ, ಮೂತ್ರ ಪರೀಕ್ಷೆ ಮಾಡಿ ಮೊದಲು ಕೇಳಿದ್ದೇ, ಹತ್ತಿರದಲ್ಲಿ ಗ್ಯಾರೇಜು ಇದೆಯಾ ಎಂದು. ಕಿಡ್ನಿ ಎರಡೂ ಹೋಗಿದ್ದವು. ಕರಿಯ ಉಳಿಯಲಿಲ್ಲ.

ಆ ನಡುವಿನ ದಿನವೇ ಮೋಸ ಮಾಡುವುದು. ಗ್ಲೈಕಾಲ್ ಹೊಟ್ಟೆಗೆ ಹೋದ ಅರ್ಧ ಗಂಟೆಯಿಂದ ಹನ್ನೆರಡು ಗಂಟೆಯೊಳಗೆ ಪ್ರಾಣಿ ಕುಡಿದವರ ಹಾಗೆ ತೂರಾಡುತ್ತದೆ, ವಾಂತಿ ಮಾಡುತ್ತದೆ, ತುಂಬಾ ನೀರು ಕುಡಿಯುತ್ತದೆ, ಪದೇ ಪದೇ ಮೂತ್ರ ಮಾಡುತ್ತದೆ. ಆಮೇಲೆ ನಾಯಿ ಸುಧಾರಿಸಿದಂತೆ ಕಾಣುತ್ತದೆ. ಒಳಗೆ ಅದೇ ಹೊತ್ತಿನಲ್ಲಿ ಲಿವರ್ ಆ ಗ್ಲೈಕಾಲನ್ನು ಒಡೆದು ಬೇರೆ ಆಮ್ಲಗಳನ್ನಾಗಿ ಮಾಡುತ್ತಿರುತ್ತದೆ. ಕೊನೆಯದು ಆಕ್ಸಾಲಿಕ್ ಆಮ್ಲ. ಅದು ಕ್ಯಾಲ್ಸಿಯಂ ಜೊತೆ ಸೇರಿ ಸಣ್ಣ ಹರಳುಗಳಾಗಿ ಕಿಡ್ನಿಯಲ್ಲಿ ಕೂರುತ್ತದೆ. ಒಂದರಿಂದ ಮೂರು ದಿನದಲ್ಲಿ ನಾಯಿಯ ಕಿಡ್ನಿ ನಿಲ್ಲುತ್ತದೆ. ಬೆಕ್ಕಿನಲ್ಲಿ ಇನ್ನೂ ಬೇಗ, ಹನ್ನೆರಡರಿಂದ ಇಪ್ಪತ್ನಾಲ್ಕು ಗಂಟೆಯಲ್ಲೇ.

ಮದ್ದು ಇಲ್ಲವೆಂದಲ್ಲ. ಫೋಮೆಪಿಜೋಲ್ ಎಂಬ ಔಷಧಿ ಇದೆ, ಬೆಲೆ ದುಬಾರಿ. ಅದಿಲ್ಲದಿದ್ದರೆ ವೈದ್ಯರು ಎಥನಾಲನ್ನೇ ಅಳತೆ ಮಾಡಿ ಡ್ರಿಪ್‌ನಲ್ಲಿ ಕೊಡುತ್ತಾರೆ. ಇವೆರಡೂ ಲಿವರಿನ ಆ ಕೆಲಸವನ್ನು ತಡೆದು, ಗ್ಲೈಕಾಲ್ ಹಾಗೇ ಮೂತ್ರದಲ್ಲಿ ಹೊರಗೆ ಹೋಗುವಂತೆ ಮಾಡುತ್ತವೆ. ಆದರೆ ಹೊತ್ತು ಮೀರಬಾರದು. ಬೆಕ್ಕಾದರೆ ಮೂರು ಗಂಟೆಯೊಳಗೆ, ನಾಯಿಯಾದರೆ ಎಂಟರಿಂದ ಹನ್ನೆರಡು ಗಂಟೆಯೊಳಗೆ ಚಿಕಿತ್ಸೆ ಶುರುವಾಗಬೇಕು. ಇದನ್ನು ಕೇಳಿ ಯಾರೂ ಮನೆಯಲ್ಲಿ ಪ್ರಾಣಿಗೆ ಸಾರಾಯಿ ಕುಡಿಸಲು ಹೋಗಬಾರದು, ಅದರಿಂದಲೂ ಪ್ರಾಣಿ ಸಾಯುತ್ತದೆ. ಇನ್ನೊಂದು ಉಪಯೋಗದ ಮಾತು: ಸೋರಿಕೆ ಗೊತ್ತಾಗಲಿ ಎಂದು ಕೆಲವು ಕೂಲೆಂಟ್‌ಗಳಿಗೆ ಹೊಳೆಯುವ ಬಣ್ಣ ಹಾಕಿರುತ್ತಾರೆ. ನೇರಳಾತೀತ ದೀಪ ಬಿಟ್ಟರೆ ಪ್ರಾಣಿಯ ಮೂತಿ, ಪಾದ, ಕೆಲವೊಮ್ಮೆ ಮೂತ್ರ ಕೂಡ ಹೊಳೆಯುತ್ತದೆ. ನಮ್ಮ ಪಶು ಆಸ್ಪತ್ರೆಗಳಲ್ಲಿ ಅಂಥದೊಂದು ದೀಪ ಇರಲಿ ಎಂದು ಪಶುಪಾಲನಾ ಇಲಾಖೆಗೆ ತಾವೊಂದು ಮಾತು ಹೇಳಿದರೆ ಚೆನ್ನ.

ಇದು ಬರೀ ನಾಯಿ ಬೆಕ್ಕಿನ ಮಾತು ಅನಿಸಬಹುದು. 2022ರಲ್ಲಿ ಗ್ಯಾಂಬಿಯಾ ದೇಶದ ಮಕ್ಕಳ ಕೆಮ್ಮಿನ ಸಿರಪ್ ಸುದ್ದಿಯಾಗಿತ್ತಲ್ಲ, ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಜೊತೆ ವಿಶ್ವ ಆರೋಗ್ಯ ಸಂಸ್ಥೆ ಹೆಸರಿಸಿದ್ದು ಇದೇ ಎಥಿಲೀನ್ ಗ್ಲೈಕಾಲನ್ನು. ಆ ಮಕ್ಕಳಿಗೂ ಹೋದದ್ದು ಕಿಡ್ನಿಯೇ. ಉಳಿದ ಕೂಲೆಂಟನ್ನು ತಂಪು ಪಾನೀಯದ ಬಾಟಲಿಗೆ ತುಂಬಿ ಮೂಲೆಯಲ್ಲಿಡುವುದು ನಮ್ಮಲ್ಲಿ ಮಾಮೂಲು. ಹಸಿರು ಬಣ್ಣ, ಸಿಹಿ ರುಚಿ, ಪರಿಚಯದ ಬಾಟಲಿ. ಗ್ಯಾರೇಜಿನಲ್ಲಿ ಅಪ್ಪನ ಜೊತೆ ಆಡಿಕೊಂಡಿರುವ ಮಗುವಿನ ಕೈಗೆ ಅದು ಸಿಕ್ಕರೆ ಏನಾಗಬಹುದು ಎಂದು ಯೋಚಿಸಿದರೆ ಎದೆ ನಡುಗುತ್ತದೆ.

ಕರಿಯ ಸತ್ತ ಮೇಲೆ ನಾನು ಹತ್ತಿರದ ಗ್ಯಾರೇಜಿಗೆ ಸಿಟ್ಟಿನಲ್ಲೇ ಹೋದೆ. ಅಲ್ಲಿದ್ದ ಮೆಕ್ಯಾನಿಕ್ ಎಲ್ಲ ಕೇಳಿಸಿಕೊಂಡು ಹೇಳಿದ: "ಅಕ್ಕಾ, ಹಳೇ ಆಯಿಲ್ ಆದ್ರೆ ಡ್ರಮ್ಮಿಗೆ ತುಂಬಿಡ್ತೀವಿ, ಅದಕ್ಕೆ ದುಡ್ಡು ಕೊಟ್ಟು ತಗೊಂಡು ಹೋಗೋರು ಬರ್ತಾರೆ. ಈ ಕೂಲೆಂಟ್ ಯಾರಿಗ್ ಬೇಕು? ಎಲ್ಲಿಗ್ ಕೊಡ್ಲಿ, ನೀವೇ ಹೇಳಿ." ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನು ಹೇಳಿದ್ದು ನಿಜ. ಹಳೇ ಆಯಿಲ್‌ಗೆ ಬೆಲೆ ಇದೆ, ಅದಕ್ಕೇ ಅದು ಚರಂಡಿಗೆ ಬೀಳುವುದು ಕಡಿಮೆ. ಹಳೇ ಕೂಲೆಂಟ್‌ಗೆ ಬೆಲೆ ಇಲ್ಲ. ವಸಂತನರಸಾಪುರದ ದೊಡ್ಡ ಕಾರ್ಖಾನೆಗಳು ತಮ್ಮ ತ್ಯಾಜ್ಯದ ಲೆಕ್ಕವನ್ನು ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡಬೇಕು. ಇಬ್ಬರು ಹುಡುಗರನ್ನಿಟ್ಟುಕೊಂಡು ಶೀಟಿನ ಶೆಡ್ಡಿನಲ್ಲಿ ಕೆಲಸ ಮಾಡುವವನನ್ನು ಯಾರೂ ಕೇಳುವುದಿಲ್ಲ, ಅವನಿಗೆ ಯಾರೂ ದಾರಿ ತೋರಿಸುವುದೂ ಇಲ್ಲ. ಅದಕ್ಕೇ ದಂಡದಿಂದ ಶುರು ಮಾಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ಕೊಡಲು ಜಾಗವಿಲ್ಲದವನಿಗೆ ದಂಡ ಹಾಕಿದರೆ ಅವನು ಹಗಲು ಸುರಿಯುವುದನ್ನು ರಾತ್ರಿ ಸುರಿಯುತ್ತಾನೆ, ಅಲ್ವಾ?

ಮೊದಲು ಡ್ರಮ್ ಬರಲಿ. ಕೂಲೆಂಟ್‌ಗೇ ಬೇರೆ ಡ್ರಮ್ ಇರಬೇಕು. ಆಯಿಲ್, ಪೆಟ್ರೋಲ್, ಬ್ರೇಕ್ ಆಯಿಲ್ ಅದಕ್ಕೆ ಸೇರಿದರೆ ಮುಂದೆ ಅದನ್ನು ಶುದ್ಧ ಮಾಡಲು ಕಷ್ಟ. ಬೇರೆಯಾಗಿಟ್ಟರೆ ಸೋಸಿ, ಭಟ್ಟಿ ಇಳಿಸಿ, ಮದ್ದು ಸೇರಿಸಿ ಮತ್ತೆ ಬಳಸಬಹುದು. ಬೇರೆ ದೇಶಗಳಲ್ಲಿ ಹಾಗೆ ಮಾಡುತ್ತಾರೆ. ಮರುಬಳಕೆಗೆ ಬಾರದ್ದನ್ನು ಏನು ಮಾಡಬೇಕೆಂದು ಮಾಲಿನ್ಯ ನಿಯಂತ್ರಣ ಮಂಡಳಿಯವರ ಜೊತೆ ಕೂತು ತೀರ್ಮಾನಿಸಿ. ಅಪಾಯಕಾರಿ ತ್ಯಾಜ್ಯದ ವಿಲೇವಾರಿ ಘಟಕ ದಾಬಸ್‌ಪೇಟೆಯಲ್ಲೇ ಇದೆ, ನಮಗೇನೂ ದೂರವಲ್ಲ.

ಮನೆಯಲ್ಲೇ ಗಾಡಿ ನೋಡಿಕೊಳ್ಳುವವರಿಗೂ ಒಂದು ಜಾಗ ಬೇಕು. ಮನೆಗಳಿಂದ ಬರುವ ಪೇಂಟ್ ಡಬ್ಬಿ, ಕೀಟನಾಶಕದ ಕ್ಯಾನು, ಟ್ಯೂಬ್‌ಲೈಟ್, ಬ್ಯಾಟರಿಯಂಥ ಅಪಾಯಕಾರಿ ಕಸಕ್ಕೆ ಪ್ರತಿ 20 ಚದರ ಕಿಲೋಮೀಟರಿಗೆ ಒಂದು ಸಂಗ್ರಹ ಕೇಂದ್ರ ಮಾಡಬೇಕು, ಅದರ ಸಮಯವನ್ನು ಜನರಿಗೆ ತಿಳಿಸಬೇಕು ಎಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲೇ ಬರೆದಿದ್ದರು. ಅಂಥ ಕೇಂದ್ರದಲ್ಲಿ ಹಳೇ ಕೂಲೆಂಟ್ ಕ್ಯಾನನ್ನೂ ತೆಗೆದುಕೊಳ್ಳಲಿ. ಆಟೋ ಟಿಪ್ಪರ್‌ಗಳ ಮೈಕಿನಲ್ಲಿ ಹಸಿ ಕಸ, ಒಣ ಕಸದ ಜೊತೆ ಇದನ್ನೂ ಒಂದು ಮಾತು ಹೇಳಿಸಿದರೆ ಊರಿಗೆಲ್ಲ ತಿಳಿಯುತ್ತದೆ.

ಡ್ರಮ್ ಬಂದ ಮೇಲೆ ನಿಯಮ ಬಿಗಿ ಮಾಡಿ. ಉದ್ದಿಮೆ ಪರವಾನಗಿ ನವೀಕರಿಸುವಾಗ, ರೇಡಿಯೇಟರ್ ಕೆಳಗಿಡುವ ಟ್ರೇ ಇದೆಯೇ, ಮುಚ್ಚಳದ ಕ್ಯಾನ್ ಇದೆಯೇ ಎಂದು ನೋಡಲಿ. ಆಮೇಲೂ ಬೀದಿಗೆ ಸುರಿದವರಿಗೆ ದಂಡ ಹಾಕಿದರೆ ಯಾರೂ ತಕರಾರು ಮಾಡಲಾರರು.

ಪಾಲಿಕೆಯ ಗಾಡಿಗಳಿಂದಲೇ ಇದು ಶುರುವಾದರೆ ನನಗೆ ಬಹಳ ಖುಷಿ. ನಿಮ್ಮಲ್ಲೇ ಟಿಪ್ಪರ್, ಕಾಂಪ್ಯಾಕ್ಟರ್, ಜೆಟ್ಟಿಂಗ್ ಗಾಡಿಗಳಿವೆ. ಅವುಗಳ ಕೂಲೆಂಟ್ ಬದಲಿಸುವ ಗುತ್ತಿಗೆಯಲ್ಲಿ, ಹಳೆಯದನ್ನು ಸಂಗ್ರಹಿಸಿ ಲೆಕ್ಕ ಕೊಡಬೇಕು ಎಂದು ಒಂದು ಸಾಲು ಸೇರಿಸಿ. ಎಂಜಿನ್ ತಯಾರಕರು ಒಪ್ಪುವ ಕಡೆ ಪ್ರೊಪಿಲೀನ್ ಗ್ಲೈಕಾಲ್ ಇರುವ ಕೂಲೆಂಟ್ ಕೊಳ್ಳಬಹುದು, ಅದರ ವಿಷ ಬಹಳ ಕಡಿಮೆ. ಅಮೆರಿಕದಲ್ಲಿ 2012ರ ಕೊನೆಗೆ ತಯಾರಕರು ಎಲ್ಲ ರಾಜ್ಯಗಳಲ್ಲೂ ಆಂಟಿಫ್ರೀಜ್‌ಗೆ ಡೆನಟೋನಿಯಂ ಬೆಂಜೋಯೇಟ್ ಎಂಬ ಭಾರೀ ಕಹಿ ವಸ್ತು ಸೇರಿಸಲು ಒಪ್ಪಿಕೊಂಡರು. ಕಹಿ ಬೆರೆಸಿದ ಮಾತ್ರಕ್ಕೆ ಬಾಯಾರಿದ ಪ್ರಾಣಿ ಕುಡಿಯುವುದೇ ಇಲ್ಲ ಎಂದು ಹೇಳಲಾಗದು, ವಿಷ ಅದರಲ್ಲಿ ಇದ್ದೇ ಇರುತ್ತದೆ. ಆದರೂ ಸಿಹಿಗಿಂತ ಕಹಿ ಮೇಲು. ಟೆಂಡರ್ ಕರೆಯುವಾಗ ಇದನ್ನೂ ಕೇಳಿ ನೋಡಿ.

ಹಳೇ ಕೂಲೆಂಟ್ ಬರೀ ಗ್ಲೈಕಾಲ್ ಆಗಿಯೂ ಉಳಿದಿರುವುದಿಲ್ಲ. ಎಂಜಿನ್ ಸುತ್ತಿ ಸುತ್ತಿ ಅದಕ್ಕೆ ತಾಮ್ರ, ಸತು, ಕೆಲವು ಸಲ ಹಳೇ ಬೆಸುಗೆಯ ಸೀಸ ಸೇರಿರುತ್ತದೆ. ಚರಂಡಿಯ ಹೂಳಿನಲ್ಲಿ ಅದು ಉಳಿದರೆ ಕೈ ಹಾಕುವವರು ನಮ್ಮ ಪೌರಕಾರ್ಮಿಕರು. ಜಾಸ್ತಿ ಗ್ಲೈಕಾಲ್ ಕೆರೆ ಸೇರಿದರೆ, ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತವೆ, ಮೀನಿಗೆ ಉಸಿರಾಡಲು ಉಳಿಯುವುದಿಲ್ಲ. ಅಮಾನಿಕೆರೆಗೆ ಇಷ್ಟು ಹಣ ಹಾಕಿ ಅಭಿವೃದ್ಧಿ ಮಾಡಿದ ಊರಿಗೆ ಇದು ಬೇಡ.

ಇದನ್ನು ಓದುವ ಊರಿನವರಿಗೂ ಎರಡು ಮಾತು. ಕೂಲೆಂಟ್ ಚೆಲ್ಲಿದರೆ ನೀರು ಹೊಯ್ದು ಹರಡಬೇಡಿ. ಮೊದಲು ಮರಳು ಅಥವಾ ಮರದ ಹೊಟ್ಟು ಹಾಕಿ ಹೀರಿಸಿ, ಬಳಿದು ಗಟ್ಟಿ ಚೀಲಕ್ಕೆ ಕಟ್ಟಿ, ಆಮೇಲೆ ಆ ಜಾಗ ತೊಳೆಯಿರಿ. ಗಾಡಿ ನಿಲ್ಲಿಸಿದ ಕಡೆ ಹಸಿರು ಹನಿ ಕಂಡರೆ ಸೋರಿಕೆ ಸರಿ ಮಾಡಿಸಿ. ಬೇಸಿಗೆಯಲ್ಲಿ ಮನೆ ಮುಂದೆ ಒಂದು ತೊಟ್ಟಿ ಒಳ್ಳೆ ನೀರಿಡಿ. ನಾಯಿ ತೂರಾಡಿದರೆ ಕಲ್ಲು ಎತ್ತಬೇಡಿ, ಹತ್ತಿರ ಹೋಗಿ ಮುಟ್ಟಲೂ ಬೇಡಿ, ನಾಳೆ ನೋಡೋಣ ಅನ್ನದೆ ಕೂಡಲೇ ಪಶು ವೈದ್ಯರಿಗೆ ಫೋನ್ ಮಾಡಿ.

ಆಯುಕ್ತರೇ, ಮುಂದಿನ ಬೇಸಿಗೆ ಶುರುವಾಗುವ ಮೊದಲು ಶಿರಾ ಗೇಟ್ ಕಡೆ ಒಂದೇ ಒಂದು ಡ್ರಮ್ ಇಟ್ಟು ನೋಡಿ. ಹಳೇ ಕೂಲೆಂಟ್ ತಂದು ಹಾಕುತ್ತೇವೆ ಎಂದು ನಮ್ಮ ಕಡೆಯ ಕೆಲವು ಗ್ಯಾರೇಜಿನವರು ನನಗೆ ಮಾತು ಕೊಟ್ಟಿದ್ದಾರೆ. ತಾವು ದಿನ ಹೇಳಿದರೆ ಅವರನ್ನೂ ಕರೆದುಕೊಂಡು ಕಚೇರಿಗೆ ಬರುತ್ತೇನೆ.

ವಂದನೆಗಳೊಂದಿಗೆ,
ಶಿರಾ ಗೇಟ್ ಭಾಗದ ಒಬ್ಬ ನಿವಾಸಿ
ತುಮಕೂರು