ತಡಿಯಂಡಮೋಳ್ ಹಾದಿಯಲ್ಲಿ ನೆರವಾದ ಹಿರಿಯರಿಗೆ

ಸೋಮವಾರಪೇಟೆ ಬಳಿಯ ಹೊನ್ನಮ್ಮನ ಕೆರೆಯಿಂದ ಕಕ್ಕಬ್ಬೆಯ ಕಾಡಿನವರೆಗೆ ಬೆನ್ನಿಗೆ ಚೀಲ ಹೊತ್ತು ಕೊಡಗನ್ನು ಸುತ್ತಿದ ನಮ್ಮ ತಂಡದ ಪರವಾಗಿ, ತಮ್ಮ ಹೆಸರನ್ನೂ ಹೇಳದ ಹಿರಿಯರೊಬ್ಬರಿಗೆ ಹೃತ್ಪೂರ್ವಕ ಕೃತಜ್ಞತೆ ಸಲ್ಲಿಸುತ್ತಿದ್ದೇನೆ.

ಕೊಡಗಿನ ಅತ್ಯುನ್ನತ ಶಿಖರವಾದ, 1748 ಮೀಟರ್ ಎತ್ತರದ ತಡಿಯಂಡಮೋಳ್‌ನಿಂದ ಇಳಿಯುತ್ತಿದ್ದಾಗ ಮಂಜು ಕವಿದು ದಾರಿಯೇ ಕಾಣದಾಯಿತು. ಬೆಟ್ಟದ ಕಣಿವೆಗಳಲ್ಲಿ ದಟ್ಟವಾಗಿ ಬೆಳೆಯುವ ಶೋಲಾ ಕಾಡಿನ ಒದ್ದೆ ಬೇರುಗಳ ಮೇಲೆ ಜಾರಿ ಗೆಳತಿಯ ಕಾಲು ಉಳುಕಿತು. ದನ ಹುಡುಕುತ್ತ ಬಂದಿದ್ದ ತಾವು "ಹೆದರಬೇಡ ಮಗಳೇ, ದಾರಿ ನನಗೆ ಗೊತ್ತು" ಎಂದು ಹೇಳಿ, ತಲೆಗೆ ಸುತ್ತಿದ್ದ ವಸ್ತ್ರವನ್ನು ಬಿಚ್ಚಿ ಆಕೆಯ ಕಣಕಾಲಿಗೆ ಬಿಗಿಯಾಗಿ ಕಟ್ಟಿ, ಬಿದ್ದಿದ್ದ ಕೊಂಬೆಯೊಂದನ್ನು ಕತ್ತಿಯಿಂದ ಸವರಿ ಊರುಗೋಲು ಮಾಡಿಕೊಟ್ಟಿರಿ. ಹೊಗೆಸೊಪ್ಪು, ಸುಣ್ಣ ಕಟ್ಟಿದ ಪುಟ್ಟ ಬಟ್ಟೆಗಂಟನ್ನು ನೀರಿನಲ್ಲಿ ಅದ್ದಿ ತಾವು ಮುಟ್ಟಿಸಿದೊಡನೆ, ಎಷ್ಟು ಎಳೆದರೂ ಬಿಡದ ಜಿಗಣೆಗಳು ಸುರುಳಿಯಾಗಿ ಉದುರಿದವು. ಕಾಡಿನಲ್ಲೇ ಬಾಳಿದವರ ಇಂಥ ತಿಳಿವಳಿಕೆಯನ್ನು ಯಾವ ಚಾರಣ ಕೈಪಿಡಿಯೂ ಪೂರ್ತಿಯಾಗಿ ಕಲಿಸಲಾರದೆಂದು ನನಗನಿಸುತ್ತದೆ.

1790ರ ದಶಕದಲ್ಲಿ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ಕಟ್ಟಿಸಿದ ನಾಲ್ಕುನಾಡು ಅರಮನೆಯವರೆಗೂ ಅವಳ ಹೆಜ್ಜೆಗೆ ಹೆಜ್ಜೆ ಹೊಂದಿಸಿ ನಡೆದಿರಿ. ಅಲ್ಲಿಂದ ತಮ್ಮ ಮನೆಗೆ ಕರೆದೊಯ್ದು ಬೆಲ್ಲದ ಬಿಸಿ ಕಾಫಿ ಕೊಡಿಸಿದ ತಾವು ಹಣವನ್ನು ಮಾತ್ರ ಮುಟ್ಟಲಿಲ್ಲ.

ಅಜ್ಜಯ್ಯ, ಗೆಳತಿ ಈಗ ಚೆನ್ನಾಗಿ ನಡೆಯುತ್ತಿದ್ದಾಳೆ. ತಮ್ಮ ವಸ್ತ್ರ ನಮ್ಮಲ್ಲೇ ಉಳಿದಿದೆ; ಮಳೆಗಾಲ ಮುಗಿದ ಮೇಲೆ ಬಂದು ತಮ್ಮ ಕೈಗೇ ಒಪ್ಪಿಸುತ್ತೇವೆ. ಕಕ್ಕಬ್ಬೆಯ ಕಡೆಯವರು ಇದನ್ನು ಓದಿದರೆ, ದಯವಿಟ್ಟು ಅವರಿಗೆ ಈ ವಿಷಯ ತಿಳಿಸಿ.